ಮೂವತ್ತಮೂರು ಅನಾರಸ

ಮಹಾರಾಷ್ಟ್ರದ ಮನೆಗಳಲ್ಲಿ ಪಂಚಾಂಗದೊಡನೆ ನಂಟು ಬೆಳೆಸಿರುವ ಭಕ್ಷ್ಯವೊಂದುಂಟು. ಅದರ ಹೆಸರು ಅನಾರಸ. ದೀಪಾವಳಿಯ ಫರಾಳದಲ್ಲಿ ಅದು ಚಕ್ಕುಲಿ, ಕರಂಜಿಗಳ ಜೊತೆಗಾರ. ಆದರೆ ಅದರ ನಿಜವಾದ ಹಬ್ಬವೆಂದರೆ ಅಧಿಕಮಾಸ.

ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಸೌರಮಾನದ ವರ್ಷಕ್ಕೆ 365 ದಿನ. ವರ್ಷವರ್ಷವೂ ಉಳಿಯುವ ಹನ್ನೊಂದು ದಿನಗಳು ಸುಮಾರು ಮೂವತ್ತೆರಡೂವರೆ ತಿಂಗಳಿಗೆ ಒಂದು ಮಾಸವಾಗಿ ಬೆಳೆಯುತ್ತವೆ. ಅದೇ ಅಧಿಕಮಾಸ, ಮರಾಠಿಯಲ್ಲಿ 'ಧೋಂಡ್ಯಾಚಾ ಮಹಿನಾ'. ಆಗ ಮಗಳು ಅಳಿಯಂದಿರನ್ನು ಲಕ್ಷ್ಮೀನಾರಾಯಣರೆಂದು ಭಾವಿಸಿ, ಅಳಿಯನಿಗೆ ದೀಪದೊಡನೆ ಮೂವತ್ತಮೂರು ಅನಾರಸಗಳ ವಾಣ ಕೊಡುವುದು ಅಲ್ಲಿಯ ಪದ್ಧತಿ. ವಸುಗಳು 8, ರುದ್ರರು 11, ಆದಿತ್ಯರು 12, ಜೊತೆಗೆ ಇಂದ್ರ, ಪ್ರಜಾಪತಿ. ಹೀಗೆ ದೇವತೆಗಳು ಮೂವತ್ತಮೂರು. ವಾಣದ ಭಕ್ಷ್ಯ ಜಾಲರಿಯಂತೆ ತೂತುತೂತಾಗಿರಬೇಕು. ಅನಾರಸ ಒದಗದವರು ಬತ್ತಾಸನ್ನೋ ನಮ್ಮ ಮೈಸೂರು ಪಾಕನ್ನೋ ಕೊಡುವುದುಂಟು.

ಅನಾರಸ ನಮ್ಮ ಕಜ್ಜಾಯದ ದಾಯಾದಿ. ಆದರೆ ಕಜ್ಜಾಯಕ್ಕೆ ಬೆಲ್ಲದ ಪಾಕ ಬೇಕು, ಇದಕ್ಕೆ ಪಾಕವಿಲ್ಲ. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ನೆರಳಿನಲ್ಲಿ ಆರಹಾಕಿ, ತುಸು ಪಸೆಯಿರುವಾಗಲೇ ಕುಟ್ಟಿ ಜರಡಿ ಹಿಡಿದು, ಬೆಲ್ಲದೊಡನೆ ನಾದಿ ಕೆಲವು ದಿನ ಮುಚ್ಚಿಡಬೇಕು. ಬಳಿಕ ಗಸಗಸೆಯ ಮೇಲೆ ತಟ್ಟಿ, ಗಸಗಸೆಯ ಮಗ್ಗುಲು ಮೇಲಾಗಿರುವಂತೆ ತುಪ್ಪದಲ್ಲಿ ಬಿಡಬೇಕು, ಮಗುಚಬಾರದು. ಪಸೆಯೋ ಬೆಲ್ಲವೋ ಹೆಚ್ಚಾದರೆ ಅದು ತುಪ್ಪದಲ್ಲಿ ಹರಡಿ ಚೂರುಚೂರಾಗುತ್ತದೆ. ಇದಕ್ಕೆ ಮರಾಠಿಯ ಹೆಂಗಸರು 'ಅನಾರಸ ನಕ್ಕಿತು' ಎನ್ನುತ್ತಾರೆ. ಮಾಡಿದವಳಿಗೆ ಅಳು ಬರುವ ಹೊತ್ತಿಗೆ ಭಕ್ಷ್ಯ ನಗುವುದು!

ಆ ನಗುವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮದು ಧಾರವಾಡ, ಅಕ್ಕನನ್ನು ಕೊಟ್ಟದ್ದು ಮಿರಜದ ಮರಾಠಿ ಮನೆಗೆ. ಮದುವೆಯಾದ ಮೇಲೆ ಬಂದ ಮೊದಲ ಅಧಿಕಮಾಸ 1985ರ ಅಧಿಕ ಶ್ರಾವಣ. ಕಜ್ಜಾಯದಲ್ಲಿ ಪಳಗಿದ ಅಮ್ಮನ ಕೈಗೆ ಅನಾರಸ ಹೊಸದು. ಮೇಲೆ ಬಿಡದ ಮಳೆ, ಅಕ್ಕಿ ಆರಲೊಲ್ಲದು. ಬಾಣಲೆಗೆ ಬಿಟ್ಟದ್ದೆಲ್ಲ ನಕ್ಕಿತು. ಇಡಿಯಾಗಿ ಉಳಿದವು ಹದಿನೆಂಟು. ಮತ್ತೆ ಮಾಡೋಣವೆಂದರೆ ತುಪ್ಪ ತೀರಿತ್ತು, ಅಪ್ಪನ ಸಂಬಳಕ್ಕೆ ಇನ್ನೂ ವಾರವಿತ್ತು.

ಅಪ್ಪ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ರೈಲು ಹತ್ತಿದರು. ಮಿರಜ ಬರುವವರೆಗೂ ಅವರು ಮಾತಾಡಲಿಲ್ಲ. ಅಲ್ಲಿ ಬೀಗಿತ್ತಿಯವರು ಡಬ್ಬಿ ತೆರೆದರು, ಮನಸ್ಸಿನಲ್ಲೇ ಎಣಿಸಿದರು. ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ತಲೆತಗ್ಗಿಸಿ ನಿಂತಿದ್ದಳು.

ಗಡಿನಾಡಿನವರಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. "ಬೀಗರ, ಮಳಿಗಾಲದ ಅಕ್ಕಿ ನಗದ ಇನ್ನೇನ ಮಾಡೀತು?" ಎಂದರು. ತಮ್ಮ ಮಗಳ ಗಂಡನಿಗಾಗಿ ನಾದಿಟ್ಟಿದ್ದ ಹಿಟ್ಟನ್ನು ತೆಗೆದು, ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಹದಿನೈದು ಅನಾರಸ ಕರಿದರು. ಅಪ್ಪ ಸಂಕೋಚದಿಂದ, "ವಾಣ ಹುಡುಗಿಯ ಮನೀಂದ ಬರಬೇಕಲ್ರೀ" ಎಂದರು. ಆಕೆ ಝಾರಿ ಕೆಳಗಿಡದೆ, "ಹುಡುಗಿ ಮನಿ ಅಂದ್ರ ಈಗ ಇದೂ ಅಲ್ಲೇನ್ರೀ?" ಎಂದು ಕೇಳಿದರು. ಅಪ್ಪನ ಬಳಿ ಉತ್ತರವಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಹತ್ತೊಂಬತ್ತು ವರ್ಷಕ್ಕೊಮ್ಮೆ ಅಧಿಕಮಾಸ ಬಹುಮಟ್ಟಿಗೆ ಅದೇ ತಿಂಗಳಿಗೆ ಮರಳುತ್ತದೆ. 2004ರಲ್ಲಿ ಅಧಿಕ ಶ್ರಾವಣ ಬಂತು, 2023ರಲ್ಲಿ ಮತ್ತೆ ಬಂತು. ಈ ಸಲ ಹೆಣ್ಣಿನ ತಂದೆ ನಾನು. ವಾಣದ ಜೊತೆಗೆ ಬೆಳ್ಳಿಯ ದೀಪ, ಉಂಗುರಗಳ ಮಾತು ಈಗ ಎಲ್ಲೆಡೆಯೂ ಕೇಳಬರುತ್ತದೆ. ಕೊಡಲು ಶಕ್ತಿಯುಳ್ಳವರು ಸಂತೋಷದಿಂದ ಕೊಡಲಿ. ಆದರೆ ಎಣಿಸಿ ಕೊಡುವ ಭಕ್ಷ್ಯ ಎಣಿಸಿ ವಸೂಲು ಮಾಡುವ ಸಾಲವಾಗಬಾರದು. ಮಗಳು ಅಳಿಯ ಬಂದಾಗ ನಾನು ಹಿಟ್ಟಿನ ಮುದ್ದೆಯನ್ನೂ ಗಸಗಸೆಯನ್ನೂ ಅವರಿಬ್ಬರ ಮುಂದಿಟ್ಟೆ. ಅಳಿಯ ತಟ್ಟಿದ ಮೊದಲ ಅನಾರಸ ತುಪ್ಪದಲ್ಲಿ ನಕ್ಕಿತು. ಅದರೊಡನೆ ನಾವೆಲ್ಲರೂ ನಕ್ಕೆವು.