ಆಗಮನ ಕಾಲವೂ ಎಡೆದೊರೆ ನಾಡಿನ ಕೂಲಿಯೂ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ನವೆಂಬರ್ ತಿಂಗಳು ತೀರುತ್ತ ಬರುವ ಹೊತ್ತಿಗೆ, ಹೊಲಹೊಲಗಳಲ್ಲಿ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿರುತ್ತಾರೆ. ಹಿಂಗಾರಿನ ಜೋಳವೂ ಕಡಲೆಯೂ ಎರೆಭೂಮಿಯ ತೇವವನ್ನೇ ನೆಚ್ಚಿ ಮೇಲೇಳುತ್ತಿರುತ್ತವೆ. ಮಳೆ ಕೈಕೊಟ್ಟ ವರ್ಷವಾದರೆ, ಕೂಲಿಯೊಂದನ್ನೇ ನಂಬಿದ ಸಂಸಾರಗಳು ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಗುಳೆ ಹೊರಡುವ ಸಿದ್ಧತೆಯಲ್ಲಿರುತ್ತವೆ. ಇದೇ ದಿನಗಳಲ್ಲಿ ಕ್ಯಾಥೊಲಿಕ ಧರ್ಮಸಭೆಯ ಹೊಸ ಪೂಜಾವರ್ಷ ಮೊದಲಾಗುತ್ತದೆ. ನವೆಂಬರ್ 30ರ ಸಂತ ಅಂದ್ರೆಯನ ಹಬ್ಬಕ್ಕೆ ಅತ್ಯಂತ ಸಮೀಪವಾದ ಭಾನುವಾರದಿಂದ ತೊಡಗಿ ಕ್ರಿಸ್ತಜಯಂತಿಯ ಮುನ್ನಾದಿನದವರೆಗೆ ಸಾಗುವ, ನಾಲ್ಕು ಭಾನುವಾರಗಳನ್ನೊಳಗೊಂಡ ಈ ಅವಧಿಗೆ ಆಗಮನ ಕಾಲವೆಂದು ಹೆಸರು. ಆಗ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರವನ್ನು ಧರಿಸುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಮೂರನೆಯ ಭಾನುವಾರ ಮಾತ್ರ, ಸಂತೋಷದ ಕುರುಹಾಗಿ, ಗುಲಾಬಿ ವರ್ಣಕ್ಕೆ ಅವಕಾಶವುಂಟು. ನಕ್ಷತ್ರದ ಬುಟ್ಟಿ, ಗೋದಲಿ, ಹಬ್ಬದ ತಿಂಡಿಗಳಾದ ಕುಸ್ವಾರ ಇವೆಲ್ಲವನ್ನೂ ನಮ್ಮ ನಾಡಿನ ಜನ ಮತಭೇದವಿಲ್ಲದೆ ಬಲ್ಲರು. ಅವುಗಳಿಗೆ ಮುಂಚೆ ಬರುವ ಈ ನಿರೀಕ್ಷೆಯ ದಿನಗಳನ್ನು ಬಲ್ಲವರು ಕಡಮೆ. ಆ ನಿರೀಕ್ಷೆಗೂ ಸಮಾಜದಲ್ಲಿ ನ್ಯಾಯವು ನೆಲೆಗೊಳ್ಳುವುದಕ್ಕೂ ಇರುವ ಸಂಬಂಧವನ್ನು ಬಲ್ಲವರು ಇನ್ನೂ ಕಡಮೆ. ಇಂದಿನ ಭಾಷಣದ ವಿಷಯ ಅದೇ.

ಈ ನಾಲ್ಕು ವಾರಗಳಲ್ಲಿ ದೇವಾಲಯಗಳಲ್ಲಿ ಓದಿಸುವ ಪಾಠಗಳನ್ನು ಸಾವಧಾನವಾಗಿ ಕೇಳಿದವರಿಗೆ ಒಂದು ಸಂಗತಿ ಮನದಟ್ಟಾಗದೆ ಇರದು. ಪ್ರವಾದಿ ಯೆಶಾಯನು ನಿರೀಕ್ಷಿಸುವ ಅರಸನು ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಮಾತ್ರ ನಂಬಿ ತೀರ್ಪು ಕೊಡುವವನಲ್ಲ, ಬಡವರ ವ್ಯಾಜ್ಯವನ್ನು ಧರ್ಮದಿಂದ ತೀರಿಸುವವನು. ಯೇಸುವನ್ನು ಗರ್ಭದಲ್ಲಿ ಹೊತ್ತ ಮರಿಯಮ್ಮನು ಬಂಧುವಾದ ಎಲಿಜಬೇತಮ್ಮನ ಮನೆಯಲ್ಲಿ ಹಾಡಿದ ಸ್ತೋತ್ರದಲ್ಲಿ, ಗದ್ದುಗೆಯೇರಿದ ಬಲಿಷ್ಠರು ಕೆಳಗಿಳಿಯುವುದೂ ಹಸಿದವರು ತೃಪ್ತಿಹೊಂದುವುದೂ ಭಗವಂತನ ಕಾರುಣ್ಯದ ಕಾರ್ಯಗಳೆಂದೇ ಪರಿಗಣಿತವಾಗಿವೆ. ಸ್ನಾನಿಕ ಯೊವಾನ್ನನ ಪ್ರಸಂಗವಂತೂ ನನ್ನ ಎಣಿಕೆಯಲ್ಲಿ ಇಡೀ ಆಗಮನ ಕಾಲದ ಕೀಲಕವೇ ಸರಿ. ಅರಣ್ಯದಲ್ಲಿ ಪಶ್ಚಾತ್ತಾಪವನ್ನು ಬೋಧಿಸುತ್ತಿದ್ದ ಆ ತಪಸ್ವಿಯ ಬಳಿಗೆ ಜನರು ಬಂದು, ತಾವು ಮಾಡಬೇಕಾದುದೇನೆಂದು ಕೇಳಿದಾಗ, ಅವನು ಉಪವಾಸವನ್ನಾಗಲಿ ಯಾತ್ರೆಯನ್ನಾಗಲಿ ವಿಧಿಸಲಿಲ್ಲವೆಂದು ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯವು ತಿಳಿಸುತ್ತದೆ. ಎರಡು ಅಂಗಿಗಳಿದ್ದವನು ಇಲ್ಲದವನಿಗೊಂದನ್ನು ಕೊಡಲಿ ಎಂದನು. ಸುಂಕದವರಿಗೆ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳಬೇಡಿರೆಂದನು. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಸುಲಿಯದೆ ಸಂಬಳದಲ್ಲಿ ತೃಪ್ತರಾಗಿರೆಂದನು. ಆತ್ಮಶುದ್ಧಿಯ ಪ್ರಶ್ನೆಗೆ ಬಟ್ಟೆ, ಸುಂಕ, ಸಂಬಳಗಳ ಭಾಷೆಯಲ್ಲಿ ಉತ್ತರ ದೊರೆಯಿತು. ಅವರವರ ವೃತ್ತಿಯಲ್ಲಿ ಅವರವರು ನಿತ್ಯವೂ ಎಸಗುವ ಅನ್ಯಾಯವನ್ನೇ ಬೆರಳಿಟ್ಟು ತೋರಿಸಿದ ಈ ಉತ್ತರವು, ಬರಲಿರುವ ದೇವರಿಗೆ ದಾರಿಯನ್ನು ಸಿದ್ಧಪಡಿಸುವುದೆಂದರೆ ಏನೆಂಬುದನ್ನು ಯಾವ ದೊಡ್ಡ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಇನ್ನೊಂದು ಪಾಠವುಂಟು, ಅದನ್ನು ಕೇಳಿದಾಗಲೆಲ್ಲ ನನಗೆ ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯ ಒಣಬೇಸಾಯದ ಹಳ್ಳಿಗಳೇ, ಅದರಲ್ಲಿಯೂ ಪಾಮನಕಲ್ಲೂರೇ ನೆನಪಾಗುತ್ತದೆ. ಧರ್ಮಸಭೆಯ ಪಾಠಗಳು ಮೂರು ವರ್ಷಗಳ ಆವರ್ತದಲ್ಲಿ ಸುತ್ತುತ್ತವೆ. ಆ ಆವರ್ತದ ಮೊದಲ ವರ್ಷದಲ್ಲಿ, ಆಗಮನ ಕಾಲದ ಮೂರನೆಯ ಭಾನುವಾರ, ಯಕೋಬನ ಪತ್ರದ ಐದನೆಯ ಅಧ್ಯಾಯದಿಂದ ಕೆಲವು ವಾಕ್ಯಗಳನ್ನು ಓದುತ್ತಾರೆ. ಬೇಸಾಯಗಾರನು ಭೂಮಿಯ ಬೆಳೆಗಾಗಿ ಮುಂಗಾರು ಹಿಂಗಾರು ಮಳೆಗಳೆರಡೂ ಬರುವತನಕ ತಾಳ್ಮೆಯಿಂದ ಕಾದಿರುವನಷ್ಟೆ, ನೀವೂ ಪ್ರಭುವಿನ ಬರವಿಗಾಗಿ ಹಾಗೆಯೇ ಕಾದಿರಿ, ಎಂಬುದು ಅಲ್ಲಿಯ ತಾತ್ಪರ್ಯ. ಪ್ಯಾಲೆಸ್ತೀನಿನ ಬೆಟ್ಟದ ಹೊಲಗಳಿಗೂ ನಮ್ಮ ಎರೆಭೂಮಿಗೂ ಇರುವ ಈ ಸಾಮ್ಯವನ್ನು ಪಾಮನಕಲ್ಲೂರಿನ ರೈತನಿಗೆ ಯಾರೂ ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ. ಆದರೆ ಗಮನಿಸಬೇಕಾದ ಮಾತು ಮುಂದಿದೆ. ಆ ಭಾನುವಾರದ ಪಾಠವು ಏಳನೆಯ ವಾಕ್ಯದಿಂದ ಮೊದಲಾಗುತ್ತದೆ; ಅದಕ್ಕೆ ಹಿಂದಿನ ವಾಕ್ಯಗಳಲ್ಲಿ, ಹೊಲವನ್ನು ಕೊಯ್ದ ಕೂಲಿಯವರಿಗೆ ಸಲ್ಲಬೇಕಾದುದನ್ನು ಹಿಡಿದಿಟ್ಟುಕೊಂಡ ಧನಿಕರನ್ನು ಯಕೋಬನು ಉಗ್ರವಾಗಿ ಖಂಡಿಸಿದ್ದಾನೆ; ತಡೆದಿಟ್ಟ ಆ ಕೂಲಿಯೇ ಕೂಗುತ್ತಿದೆಯೆಂದೂ ಕೊಯ್ದವರ ಮೊರೆ ದೇವರ ಕಿವಿಯನ್ನು ಮುಟ್ಟಿದೆಯೆಂದೂ ಎಚ್ಚರಿಸಿದ್ದಾನೆ. ತಾಳ್ಮೆಯ ಉಪದೇಶವು ಈ ಖಂಡನೆಯ ಬೆನ್ನಿಗೇ ಬರುತ್ತದೆ. ಆದುದರಿಂದ ಇಲ್ಲಿಯ ತಾಳ್ಮೆಯು ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರುವ ತಾಳ್ಮೆಯಲ್ಲ. ಅನ್ಯಾಯವನ್ನು ಅನ್ಯಾಯವೆಂದು ಗಟ್ಟಿಯಾಗಿ ಹೇಳಿಯಾದ ಮೇಲೆ, ಎದೆಗುಂದದೆ ನಿಲ್ಲುವ ತಾಳ್ಮೆ. ಬಡವರಿಗೆ ತಾಳ್ಮೆಯನ್ನು ಬೋಧಿಸುವವರೆಲ್ಲರೂ ಮೊದಲು ಆ ಹಿಂದಿನ ಆರು ವಾಕ್ಯಗಳನ್ನು ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಯುವುದೆಂದರೇನೆಂಬುದನ್ನು ಈ ಸೀಮೆ ಚೆನ್ನಾಗಿ ಬಲ್ಲದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆ ನಾಲೆಯ ನೀರು ಹರಿದ ಮೇಲೆ, ಸಿಂಧನೂರಿನ ಸುತ್ತಣ ನೆಲವು ಭತ್ತದ ಕಣಜವೆನಿಸಿತು; ಅದೇ ನಾಲೆಯ ಕೊನೆಭಾಗದ ರೈತರು ಮಾತ್ರ ವರ್ಷವರ್ಷವೂ ನೀರು ಮುಟ್ಟಲಿಲ್ಲವೆಂದು ಮೊರೆಯಿಡುತ್ತಲೇ ಬಂದಿದ್ದಾರೆ; ಎತ್ತರದ ಒಣನೆಲಕ್ಕಂತೂ ನಾಲೆಯ ಸುಳಿವೇ ಇಲ್ಲ. ಪಾಮನಕಲ್ಲೂರಿನ ಸುತ್ತಮುತ್ತಣ ರೈತರು, ನಾರಾಯಣಪುರ ಜಲಾಶಯದ ಬಲದಂಡೆ ನಾಲೆಯಿಂದ 5ಎ ಕಾಲುವೆಯ ಮೂಲಕ ತಮ್ಮ ಹೊಲಗಳಿಗೆ ನೀರು ಬರಲೆಂದು, 2020ರ ಕೊನೆಯಲ್ಲಿ ಆರಂಭಿಸಿದ ಧರಣಿಯು ತಿಂಗಳುಗಟ್ಟಲೆ ನಡೆದು, 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲರೂ ಉತ್ತರ ಹೇಳಬೇಕಾದ ಪ್ರಶ್ನೆಯಾಗಿ ಪರಿಣಮಿಸಿತು. ಆ ಹೋರಾಟ ಯಾವ ಮತದ್ದೂ ಅಲ್ಲ, ರೈತರದು. ಆದರೂ ಕ್ರೈಸ್ತರು ಆಗಮನ ಕಾಲದ ನಿರೀಕ್ಷೆಯೆಂದು ಏನನ್ನು ಕರೆಯುತ್ತಾರೋ ಅದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವನ್ನು ನಾನು ಕಾಣೆ: ನೀರು ಬಂದೇ ಬರುವುದೆಂಬ ನಂಬಿಕೆ, ಅದು ತನ್ನಷ್ಟಕ್ಕೆ ಬಾರದೆಂಬ ಅರಿವು, ಈ ಎರಡೂ ಕೂಡಿಯೇ ಆ ಜನ ಚಳಿಯಲ್ಲಿ ರಸ್ತೆಯ ಬದಿಗೆ ಕುಳಿತದ್ದು.

ಧರ್ಮಸಭೆಯ ಅಧಿಕೃತ ಬೋಧನೆಯೂ ಈ ದಿಕ್ಕಿನಲ್ಲಿಯೇ ಬೆಳೆದುಬಂದಿದೆ. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರವು, ಧಣಿಯೂ ಆಳೂ ಒಪ್ಪಿಕೊಂಡ ಮಾತ್ರಕ್ಕೆ ಕೂಲಿಯು ನ್ಯಾಯವಾದುದೆನ್ನಲಾಗದು, ಮಿತವ್ಯಯದಿಂದ ಬಾಳುವ ದುಡಿಮೆಗಾರನ ಜೀವನಕ್ಕೆ ಅದು ಸಾಲಬೇಕು, ಎಂದು ಸಾರಿತು. ಗುಳೆ ಹೊರಡುವವರು ಮೇಸ್ತ್ರಿಯ ಕೈಯಿಂದ ಮುಂಗಡ ಹಣ ಪಡೆದು, ಅದನ್ನು ತೀರಿಸುವತನಕ ಹೇಳಿದ ಕೂಲಿಗೆ ಒಪ್ಪಿ ದುಡಿಯಬೇಕಾಗುವ ನಮ್ಮ ಕಾಲದಲ್ಲಿಯೂ ಆ ಮಾತಿಗೆ ಮುಪ್ಪು ಬಂದಿಲ್ಲ. ಜೀತಪದ್ಧತಿಯನ್ನು 1976ರ ಕಾಯಿದೆಯು ನಿಷೇಧಿಸಿದ್ದರೂ ಅದರ ನೆರಳು ಈ ಮುಂಗಡದಲ್ಲಿ ಉಳಿದುಕೊಂಡಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು, ಇಂದಿನ ಜಗತ್ತಿನ ಬಡವರ ಸಂತೋಷ ಸಂಕಟಗಳು ಕ್ರಿಸ್ತನ ಅನುಯಾಯಿಗಳ ಸ್ವಂತ ಸಂತೋಷ ಸಂಕಟಗಳೇ ಎಂಬ ಭಾವದಿಂದ ತೊಡಗುವ ತನ್ನ ಶಾಸನವನ್ನು ಪ್ರಕಟಿಸಿದ್ದು 1965ರ ಡಿಸೆಂಬರ್ 7ರಂದು, ಅಂದರೆ ಆಗಮನ ಕಾಲದ ನಡುವೆ. ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶದ ಸಾರುವಿಕೆಯ ಅವಿಭಾಜ್ಯ ಅಂಗವೆಂದು 1971ರಲ್ಲಿ ಧರ್ಮಾಧ್ಯಕ್ಷರ ಸಭೆಯು ಹೇಳಿತು. 1974ರ ಡಿಸೆಂಬರಿನಲ್ಲಿ ರೋಮಿನಲ್ಲಿ ನೆರೆದ ಯೇಸುಸಭೆಯ, ಅಂದರೆ ಜೆಸ್ವಿಟರ, ಮಹಾಧಿವೇಶನವು, ವಿಶ್ವಾಸದ ಸೇವೆಯನ್ನೂ ನ್ಯಾಯದ ಸ್ಥಾಪನೆಯನ್ನೂ ಬೇರ್ಪಡಿಸಲಾಗದೆಂದು ನಿರ್ಣಯಿಸಿತು.

ಇದೆಲ್ಲವೂ ದೂರದ ರೋಮಿನ ಸಮಾಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿರುವ ಕ್ಯಾಥೊಲಿಕ ಸಮುದಾಯವು ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆಯ ಕಾಲದಷ್ಟು ಪ್ರಾಚೀನವಾದುದು. ರಾಯಚೂರು ಜಿಲ್ಲೆಯನ್ನೊಳಗೊಂಡ ಬಳ್ಳಾರಿ ಧರ್ಮಕ್ಷೇತ್ರವು 1949ರಲ್ಲಿ ಸ್ಥಾಪಿತವಾಯಿತು. ಮಾನ್ವಿಯಲ್ಲಿಯೂ ಸಮೀಪದ ಪನ್ನೂರಿನಲ್ಲಿಯೂ ಯೇಸುಸಭೆಯ ಗುರುಗಳು ಈ ಶತಮಾನದಲ್ಲಿ ನೆಲೆನಿಂತು, ಹೊಲಗೂಲಿಯ ದಲಿತ ಕುಟುಂಬಗಳ ಮಕ್ಕಳಿಗಾಗಿ ಶಾಲೆಯನ್ನು ನಡೆಸುತ್ತಿದ್ದಾರೆ. ಗುಳೆಯ ಕಾಲದಲ್ಲಿ ತಂದೆತಾಯಿಗಳೊಡನೆ ಊರುಬಿಡದೆ ತರಗತಿಯಲ್ಲಿಯೇ ಉಳಿದ ಒಂದು ಮಗುವಿನ ವಿದ್ಯೆಯು ಎಷ್ಟು ತಲೆಮಾರುಗಳ ಜೀತವನ್ನು ಕಡಿಯಬಲ್ಲುದೆಂಬುದನ್ನು ಈ ಸೀಮೆಯಲ್ಲಿ ಬಾಳಿದವರೇ ಬಲ್ಲರು.

ಜಾತಿಯ ಮಾತನ್ನು ಇಲ್ಲಿ ಮರೆಮಾಚುವುದು ಸಲ್ಲದು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತಾರವಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕೇರಿ ಅದೇ, ಕೂಲಿ ಅದೇ, ಅಸ್ಪೃಶ್ಯತೆಯ ನೋವೂ ಅದೇ ಆಗಿರುವಾಗ, ಪ್ರಾರ್ಥನೆಯ ರೀತಿಯೊಂದು ಬದಲಾದುದರಿಂದ ಹಕ್ಕು ಇಲ್ಲವಾಗುವುದು ನ್ಯಾಯವೆಂದು ನನಗೆ ತೋರದು. ಆದರೆ ಸರಕಾರದ ಬಾಗಿಲಲ್ಲಿ ನಿಂತು ನ್ಯಾಯವನ್ನು ಕೇಳುವ ಧರ್ಮಸಭೆಯು ತನ್ನ ಮನೆಯೊಳಗನ್ನೂ ನೋಡಿಕೊಳ್ಳಬೇಕಷ್ಟೆ. ಭಾರತದ ಕ್ಯಾಥೊಲಿಕ ಧರ್ಮಾಧ್ಯಕ್ಷರು 2016ರ ಡಿಸೆಂಬರಿನಲ್ಲಿ, ಅದೂ ಆಗಮನ ಕಾಲದಲ್ಲಿಯೇ, ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಧರ್ಮಸಭೆಯ ಒಳಗೂ ಅಸ್ಪೃಶ್ಯತೆ ಉಳಿದಿದೆಯೆಂದು ಬಾಯಿಬಿಟ್ಟು ಒಪ್ಪಿಕೊಂಡರು. ಈ ಒಪ್ಪಿಗೆಯು ಪ್ರಶಂಸನೀಯ. ಅದನ್ನು ಪ್ರತಿಯೊಂದು ಧರ್ಮಕೇಂದ್ರದ ಸ್ಮಶಾನದಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಕಾರ್ಯಗತಗೊಳಿಸುವುದು ಇನ್ನೂ ಬಾಕಿಯಿದೆ. ಹಿರಿಯರು ಕಿರಿಯರೆಂಬ ಭೇದ ಸಲ್ಲದೆಂಬ ಮಾತು ಈ ಸೀಮೆಗೆ ಹೊಸತಲ್ಲ. ಪಾಮನಕಲ್ಲೂರಿನ ತಾಲೂಕು ಕೇಂದ್ರವಾದ ಮಸ್ಕಿಯಲ್ಲಿ, 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಕಂಡುಹಿಡಿದ ಅಶೋಕನ ಶಾಸನವೊಂದಿದೆಯಲ್ಲವೆ? ಚಕ್ರವರ್ತಿಯ ಹೆಸರನ್ನು ಬಯಲಿಗೆ ತಂದುದರಿಂದ ಅದು ಜಗತ್ಪ್ರಸಿದ್ಧವಾಯಿತು. ಆದರೆ ಧರ್ಮದಲ್ಲಿ ನಿರತನಾದ ಅಲ್ಪನೂ ಪರಮಪದವನ್ನು ಪಡೆಯಬಲ್ಲನು, ಅದು ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬಾರದು, ಎಂಬ ಅದರ ಅಭಿಪ್ರಾಯವನ್ನು ನೆನೆಯುವವರು ವಿರಳ. ಮರಿಯಮ್ಮನ ಸ್ತೋತ್ರವನ್ನು ಕೇಳಿ ಬೆಳೆದವನಿಗೆ ಆ ಬಂಡೆಯ ಮಾತು ಪರಕೀಯವೆನಿಸದು. ಕಾಯಕ ದಾಸೋಹಗಳ ನಾಡಿನಲ್ಲಿ ಹುಟ್ಟಿದವನಿಗೆ ಮರಿಯಮ್ಮನ ಸ್ತೋತ್ರವೂ ಪರಕೀಯವಲ್ಲ.

ಡಿಸೆಂಬರ್ ಬಂತೆಂದರೆ ದೇವಾಲಯಗಳ ಅಂಗಳದಲ್ಲಿ ಕಂಬಳಿಗಳನ್ನು ಹಂಚುವುದುಂಟು, ಅನ್ನಸಂತರ್ಪಣೆ ನಡೆಯುವುದುಂಟು. ಚಳಿಯಲ್ಲಿ ನಡುಗುವವನಿಗೆ ಕಂಬಳಿಯ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ನವೆಂಬರಿನಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಗಳ ಕೂಲಿಯನ್ನು ಉಳಿಸಿಕೊಂಡವನು, ಡಿಸೆಂಬರಿನಲ್ಲಿ ಅವಳಿಗೇ ಕಂಬಳಿಯನ್ನು ಹೊದಿಸಿದರೆ, ಅದು ದಾನವೆನಿಸದು. ಅವಳ ಹಣದಲ್ಲಿ ಅವಳಿಗೇ ಕೊಟ್ಟಂತೆ. ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆ ದಾನದ ಮಾತು. ದುಡಿದ ಹದಿನೈದು ದಿನಗಳೊಳಗೆ ಕೂಲಿಯು ಕೈಸೇರಬೇಕೆಂದು 2005ರ ಉದ್ಯೋಗ ಖಾತರಿ ಕಾಯಿದೆಯು ವಿಧಿಸಿದಾಗ, ನಮ್ಮ ಗಣರಾಜ್ಯವು ಯಕೋಬನ ಪತ್ರವನ್ನು ಓದಿರಲಿಲ್ಲ. ಆದರೂ ಒಂದೇ ನ್ಯಾಯಬುದ್ಧಿ ಎರಡರಲ್ಲಿಯೂ ಕೆಲಸಮಾಡಿದೆ.

ಆದುದರಿಂದ, ಶ್ರೋತೃಗಳೇ, ನಿಮ್ಮಲ್ಲಿ ಹೊಲದೊಡೆಯರಿರಬಹುದು, ಗುತ್ತಿಗೆದಾರರಿರಬಹುದು, ಮನೆಗೆಲಸಕ್ಕೆ ಆಳನ್ನಿಟ್ಟುಕೊಂಡವರಿರಬಹುದು. ನೀವು ಕ್ರೈಸ್ತರಾಗಿರಿ, ಅಲ್ಲದಿರಿ, ನನ್ನ ಬಿನ್ನಹ ಇಷ್ಟೆ: ಈ ಸಲ ಗುಳೆಯ ಬಸ್ಸು ಹೊರಡುವುದಕ್ಕೆ ಮುಂಚೆ ನಿಮ್ಮ ಲೆಕ್ಕದ ಪುಸ್ತಕವನ್ನು ತೆರೆದು ನೋಡಿರಿ. ಯಾರ ಕೂಲಿ ಬಾಕಿಯಿದೆಯೋ ಅವರನ್ನು ಕರೆಸಿ, ಮುಂಗಡದ ನೆಪ ಹೇಳದೆ, ಪೂರ್ತಿ ಎಣಿಸಿಕೊಡಿರಿ.