ನೂರಕ್ಕೆ 98 ಮತ: ಒಂದು ಹತ್ತಿ ನಾಡಿನ ಚುನಾವಣೆ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಹೋದ ಸಲದ ಕೂಟದಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಮೇಷ್ಟ್ರೇ, ಜನವೆಲ್ಲ ಒಂದೇ ಪಕ್ಷಕ್ಕೆ ಮತ ಕೊಟ್ಟರೆ ಆ ಪಕ್ಷ ಜನರ ಮಾತು ಕೇಳಲೇಬೇಕಲ್ಲವೇ?” ಎಂದು ಪ್ರಶ್ನಿಸಿದ್ದರು. ಆವೊತ್ತು ಹೊತ್ತಾಗಿತ್ತು, ಉತ್ತರ ಕೊಡಲಾಗಲಿಲ್ಲ. ಇಂದು ಉತ್ತರದ ಬದಲು ನಡೆದ ಸಂಗತಿಯೊಂದನ್ನೇ ತಮ್ಮ ಮುಂದೆ ಇಡುತ್ತೇವೆ. ಇದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ್ದು. ಹತ್ತಿ ಬೆಳೆಯುವ, ಹತ್ತಿ ನೂಲುವ ನಾಡು. ಗಿರಣಿಯ ಧೂಳು ಕುಡಿದವರಿಗೆ ತೀರ ಪರಕೀಯವೆನಿಸಲಾರದು.

1936ರ ನವೆಂಬರಿನಲ್ಲಿ ಆ ದೇಶದ ಅಧ್ಯಕ್ಷ ಪದವಿಗೆ ಚುನಾವಣೆಯಾಯಿತು. ಡೆಮಾಕ್ರಟಿಕ್ ಪಕ್ಷದಿಂದ ಫ್ರಾಂಕ್ಲಿನ್ ರೂಸ್‌ವೆಲ್ಟ್, ರಿಪಬ್ಲಿಕನ್ ಪಕ್ಷದಿಂದ ಆಲ್ಫ್ರೆಡ್ ಲ್ಯಾಂಡನ್ ನಿಂತಿದ್ದರು. ದಕ್ಷಿಣ ಕೆರೊಲಿನಾದಲ್ಲಿ ರೂಸ್‌ವೆಲ್ಟರಿಗೆ ಬಿದ್ದ ಮತ 1,13,791. ಲ್ಯಾಂಡನ್ನರಿಗೆ ಬಿದ್ದದ್ದು 1,646. ನೂರಕ್ಕೆ 98ಕ್ಕೂ ಮಿಕ್ಕಿ ಒಂದೇ ಕಡೆ! ಇಂಥ ಲೆಕ್ಕವನ್ನು ಕಂಡರೆ ಯಾರಿಗಾದರೂ ಅನಿಸುತ್ತದೆ, ಆ ನಾಡಿನಲ್ಲಿ ರೂಸ್‌ವೆಲ್ಟರು ಹೇಳಿದ್ದೇ ವೇದವಾಗಿರಬೇಕು ಎಂದು.

ಕೆಲಸಗಾರನಿಗೆ ಅವರ ಮೇಲೆ ಪ್ರೀತಿ ಇತ್ತೆಂಬುದು ಸುಳ್ಳಲ್ಲ. 1933ರಲ್ಲಿ ಅವರ ಸರಕಾರ ಬಟ್ಟೆ ಗಿರಣಿಗಳಿಗೊಂದು ಕಟ್ಟಳೆ ತಂದಿತು. ವಾರಕ್ಕೆ 40 ತಾಸಿನ ದುಡಿಮೆ, ದಕ್ಷಿಣದ ಗಿರಣಿಗಳಲ್ಲಿ ವಾರಕ್ಕೆ ಕನಿಷ್ಠ 12 ಡಾಲರ್ ಕೂಲಿ, 16 ವರ್ಷ ತುಂಬದ ಮಕ್ಕಳಿಗೆ ಗಿರಣಿ ಬಾಗಿಲು ಬಂದ್. ಇದು ಸಣ್ಣ ಮಾತಲ್ಲ. ಆದರೆ ಮಾಲೀಕರು ಸುಮ್ಮನಿರುವರೇ? ತಾಸು ಕಡಿಮೆಯಾದರೆ ಮಗ್ಗ ಹೆಚ್ಚು ಮಾಡಿದರು. ಒಬ್ಬನ ಕೈಗೆ ಎರಡಾಳಿನ ಕೆಲಸ ಹೊರಿಸಿದರು. ಇದರ ವಿರುದ್ಧ 1934ರ ಸೆಪ್ಟೆಂಬರಿನಲ್ಲಿ ಆ ದೇಶದ ಉದ್ದಕ್ಕೂ ಸುಮಾರು 4 ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು.

ದಕ್ಷಿಣ ಕೆರೊಲಿನಾದಲ್ಲಿ ಹೊನಿಯಾ ಪಾತ್ ಎಂಬ ಸಣ್ಣ ಊರಿದೆ. ಅಲ್ಲಿ ಚಿಕೋಲಾ ಗಿರಣಿ. ಗಿರಣಿಯ ಮೇಲಧಿಕಾರಿಯೇ ಊರಿನ ಮೇಯರನೂ ಆಗಿದ್ದ. ಸೆಪ್ಟೆಂಬರ್ 6ರ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಕೆಲಸಗಾರರ ಮೇಲೆ ಗುಂಡು ಹಾರಿತು. ಏಳು ಮಂದಿ ಸತ್ತರು. ಹಲವರಿಗೆ ಗುಂಡು ತಗಲಿದ್ದು ಬೆನ್ನಿಗೆ, ಎಂದರೆ ಓಡುತ್ತಿದ್ದವರಿಗೆ. ಆ ತಿಂಗಳು ಮುಗಿಯುವ ಮೊದಲೇ ಮುಷ್ಕರ ನಿಂತಿತು. ಹಿಂದಿರುಗಿ ಹೋಗಿರಿ, ಯಾರ ಮೇಲೂ ಹಗೆ ಸಾಧಿಸಬಾರದೆಂದು ಮಾಲೀಕರಿಗೆ ಹೇಳುತ್ತೇವೆ ಎಂದು ರೂಸ್‌ವೆಲ್ಟರು ಕೇಳಿಕೊಂಡರು. ಕೆಲಸಗಾರರು ಹಿಂದಿರುಗಿದರು. ಸಾವಿರಾರು ಮಂದಿಗೆ ಗಿರಣಿ ಬಾಗಿಲು ತೆರೆಯಲಿಲ್ಲ. ಗಿರಣಿಯ ಮನೆಗಳಲ್ಲಿದ್ದವರು ಮನೆಯನ್ನೂ ಬಿಡಬೇಕಾಯಿತು. ಆ ಏಳು ಮಂದಿಯ ಹೆಸರಿನ ಕಲ್ಲನ್ನು ಆ ಊರಿನಲ್ಲಿ ನೆಟ್ಟದ್ದು 1995ರಲ್ಲಿ. ಅಲ್ಲಿಯವರೆಗೆ ಅಪ್ಪ ಮಗನಿಗೆ ಹೇಳಲೂ ಅಂಜುವ ಮಾತಾಗಿತ್ತು ಅದು.

ಇದಾದ ಎರಡೇ ವರ್ಷಕ್ಕೆ ನೂರಕ್ಕೆ 98 ಮತ. ಈಗ ನಮ್ಮ ಸಂಗಾತಿಯ ಪ್ರಶ್ನೆಗೆ ಬರೋಣ. ಅಷ್ಟು ಮತ ಕೊಟ್ಟವರಿಗೆ ದೊರೆತದ್ದೇನು?

ಮೊದಲು, ಮತ ಕೊಟ್ಟವರು ಯಾರೆಂದು ನೋಡಿರಿ. 1930ರ ಜನಗಣತಿಯಂತೆ ಆ ರಾಜ್ಯದ ಜನಸಂಖ್ಯೆ 17 ಲಕ್ಷಕ್ಕೂ ಮಿಕ್ಕಿತ್ತು. ಮತ ಹಾಕಿದವರು 1,15,437. ಉಳಿದವರು ಎಲ್ಲಿ ಹೋದರು? ಮಕ್ಕಳನ್ನು ಕಳೆದರೂ ಲೆಕ್ಕ ಕೂಡುವುದಿಲ್ಲ. ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಿದ್ದ ಕಪ್ಪು ಜನರನ್ನು ಬಹುಮಟ್ಟಿಗೆ ಹೊರಗಿಟ್ಟಿದ್ದರು. 1882ರಲ್ಲಿ ‘ಎಂಟು ಪೆಟ್ಟಿಗೆ ಕಾಯಿದೆ’ ಎಂದು ಒಂದನ್ನು ಮಾಡಿದರು. ಒಂದೊಂದು ಹುದ್ದೆಗೆ ಒಂದೊಂದು ಪೆಟ್ಟಿಗೆ, ಮೇಲೆ ಹೆಸರು. ಚೀಟಿ ತಪ್ಪು ಪೆಟ್ಟಿಗೆಗೆ ಬಿದ್ದರೆ ಮತ ರದ್ದು. ಓದಲು ಬಾರದವನು ಪಕ್ಕದವನನ್ನು ನೋಡಿ ಹಾಕಿಯಾನೆಂದು ಪೆಟ್ಟಿಗೆಗಳನ್ನು ನಡುನಡುವೆ ಅದಲು ಬದಲು ಮಾಡುತ್ತಿದ್ದರು! 1895ರಲ್ಲಿ ರಾಜ್ಯದ ಸಂವಿಧಾನವನ್ನೇ ಹೊಸದಾಗಿ ಬರೆದರು. ಮತದಾರನು ಎರಡು ವರ್ಷ ರಾಜ್ಯದಲ್ಲಿ ನೆಲೆಸಿರಬೇಕು. ಚುನಾವಣೆಗೆ ಆರು ತಿಂಗಳು ಮೊದಲೇ ತಲೆಗಂದಾಯ ಕಟ್ಟಿರಬೇಕು. ಓದು ಬರಹ ಬಲ್ಲವನಾಗಿರಬೇಕು, ಇಲ್ಲವೇ 300 ಡಾಲರಿನ ಆಸ್ತಿಗೆ ತೆರಿಗೆ ಸಲ್ಲಿಸಿರಬೇಕು. ಓದು ಬಂತೋ ಇಲ್ಲವೋ ಎಂದು ನಿರ್ಣಯಿಸುವವನು ಸರಕಾರದ ಗುಮಾಸ್ತ. ನಾವು ಹತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಅಕ್ಷರವನ್ನು ಬೇಲಿಯ ಮುಳ್ಳು ಮಾಡಿದ ಈ ವಿದ್ಯೆಯನ್ನು ಓದಿದಾಗ ಮೈ ಉರಿಯಿತೆಂದು ಹೇಳದಿರಲಾರೆವು.

ತಲೆಗಂದಾಯಕ್ಕೆ, ಆಸ್ತಿಯ ಕಟ್ಟಳೆಗೆ ಬಣ್ಣದ ಭೇದವಿರಲಿಲ್ಲ. ಗಿರಣಿಯ ಬಡ ಬಿಳಿಯನಿಗೂ ಅದು ಅಡ್ಡವಾಯಿತು. ಆತನಿಗೆ ಸಮಾಧಾನಕ್ಕೆಂದು ಬೇರೊಂದು ಏರ್ಪಾಡಿತ್ತು. ಅಭ್ಯರ್ಥಿಯನ್ನು ಆರಿಸುವುದಕ್ಕಾಗಿ ಡೆಮಾಕ್ರಟಿಕ್ ಪಕ್ಷ ತನ್ನೊಳಗೇ ಬೇಸಿಗೆಯಲ್ಲಿ ಪೂರ್ವಚುನಾವಣೆ ನಡೆಸುತ್ತಿತ್ತು. ಅದಕ್ಕೆ ತಲೆಗಂದಾಯ ಬೇಡ, ಬಿಳಿಯನಾಗಿದ್ದರೆ ಸಾಕು. ಅದರಲ್ಲಿ ಗೆದ್ದವನೇ ಗೆದ್ದವನು, ನವೆಂಬರಿನದು ಬರಿಯ ಶಾಸ್ತ್ರ. 1915ರಲ್ಲಿ ಆ ರಾಜ್ಯ ಮಾಡಿದ ಕಾಯಿದೆಯಂತೆ ಕಪ್ಪು ಕೆಲಸಗಾರನೂ ಬಿಳಿಯ ಕೆಲಸಗಾರನೂ ಗಿರಣಿಯ ಒಂದೇ ಕೋಣೆಯಲ್ಲಿ ದುಡಿಯುವಂತಿರಲಿಲ್ಲ, ಕೂಲಿ ಬಟವಾಡೆಯ ಒಂದೇ ಕಿಟಕಿಗೆ ಬರುವಂತಿರಲಿಲ್ಲ. ಇಬ್ಬರ ಪಗಾರದ ಚೀಟಿಯನ್ನು ಜೋಡಿಸಿ ನೋಡುವವರೇ ಇಲ್ಲದಂತಾಯಿತು. ಲಾಭ ಯಾರಿಗೆಂದು ಬಿಡಿಸಿ ಹೇಳಬೇಕೇ?

ಇನ್ನೊಂದು ಚಮತ್ಕಾರ ಕೇಳಿರಿ. ಅಮೆರಿಕದಲ್ಲಿ ಅಧ್ಯಕ್ಷನನ್ನು ಆರಿಸುವವರು ನೇರವಾಗಿ ಜನರಲ್ಲ. ಪ್ರತಿಯೊಂದು ರಾಜ್ಯಕ್ಕೂ ಇಂತಿಷ್ಟು ಚುನಾಯಕರು. ಅವರ ಸಂಖ್ಯೆ ಜನಸಂಖ್ಯೆಯನ್ನು ಅನುಸರಿಸಿದ್ದು, ಮತ ಹಾಕಿದವರನ್ನಲ್ಲ. 1936ರಲ್ಲಿ ಮೇರಿಲ್ಯಾಂಡ್ ರಾಜ್ಯಕ್ಕೆ 8 ಚುನಾಯಕರು. ಅಲ್ಲಿ ಮತ ಹಾಕಿದವರು 6 ಲಕ್ಷಕ್ಕೂ ಹೆಚ್ಚು. ದಕ್ಷಿಣ ಕೆರೊಲಿನಾಕ್ಕೂ 8. ತಲೆ ಎಣಿಸುವಾಗ ಕಪ್ಪು ಜನ ಬೇಕು, ಪೆಟ್ಟಿಗೆಯ ಹತ್ತಿರ ಬೇಡ.

ಹೀಗೆ ಭದ್ರಪಡಿಸಿದ ರಾಜ್ಯದಿಂದ ಒಬ್ಬನೇ ಮನುಷ್ಯ ಮತ್ತೆ ಮತ್ತೆ ಆರಿಸಿ ಬರುತ್ತಾನೆ, ಹಿರಿತನದಿಂದ ಸಮಿತಿಗಳ ಯಜಮಾನನಾಗುತ್ತಾನೆ. ಎಲಿಸನ್ ಸ್ಮಿತ್ ಎಂಬಾತ 1909ರಿಂದ 1944ರವರೆಗೆ ಸೆನೆಟ್ಟಿನಲ್ಲಿ ಕುಳಿತ. ‘ಕಾಟನ್ ಎಡ್’ ಎಂದೇ ಅಡ್ಡಹೆಸರು. 1933ರಿಂದ ವ್ಯವಸಾಯ ಸಮಿತಿಯ ಅಧ್ಯಕ್ಷ. ರೂಸ್‌ವೆಲ್ಟರದೇ ಪಕ್ಷದವನು, ಅವರ ಕಾರ್ಮಿಕ ಶಾಸನಕ್ಕೆ ಕಡು ವಿರೋಧಿ. 1935ರಲ್ಲಿ ಮುಪ್ಪಿನ ಪಿಂಚಣಿಯ ಕಾಯಿದೆಯಾದಾಗಲೂ ಸಂಘ ಕಟ್ಟುವ ಹಕ್ಕಿನ ಕಾಯಿದೆಯಾದಾಗಲೂ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗೆ ಬಿಟ್ಟರು. ದಕ್ಷಿಣದಲ್ಲಿ ಕಪ್ಪು ಜನರ ಮುಖ್ಯ ದುಡಿಮೆ ಅವೆರಡೇ.

1938ರಲ್ಲಿ ರೂಸ್‌ವೆಲ್ಟರ ಸಹನೆ ಮುಗಿಯಿತು. ಸ್ಮಿತ್‌ನೆದುರು ಪೂರ್ವಚುನಾವಣೆಗೆ ಓಲಿನ್ ಜಾನ್‌ಸ್ಟನ್ ನಿಂತ. ಹುಡುಗನಾಗಿದ್ದಾಗಿನಿಂದ ಗಿರಣಿಯಲ್ಲಿ ದುಡಿದು, ಓದಿ ಮೇಲೆ ಬಂದು ರಾಜ್ಯಪಾಲನಾದವನು. ರೂಸ್‌ವೆಲ್ಟರು ಗ್ರೀನ್‌ವಿಲ್ಲಿನಲ್ಲಿ ರೈಲು ನಿಲ್ಲಿಸಿ, ಆ ರಾಜ್ಯದಲ್ಲಿ ದಿನಕ್ಕೆ 50 ಸೆಂಟಿನಲ್ಲಿ ಸಂಸಾರ ಸಾಗದೆಂದು ಸ್ಮಿತ್‌ನಿಗೆ ಚುಚ್ಚಿ ಮಾತನಾಡಿದರು. ಆಗಸ್ಟಿನ ಪೂರ್ವಚುನಾವಣೆಯಲ್ಲಿ ಮತ ಹಾಕಿದವರು 3 ಲಕ್ಷಕ್ಕೂ ಹೆಚ್ಚು, ಎಂದರೆ ಅಧ್ಯಕ್ಷರ ಚುನಾವಣೆಗಿಂತ ಸುಮಾರು ಮೂರು ಪಟ್ಟು. ಗೆದ್ದವನು ಸ್ಮಿತ್! ನೂರಕ್ಕೆ 98 ಮತ ಪಡೆದ ಅಧ್ಯಕ್ಷನಿಗೆ ಅದೇ ರಾಜ್ಯದಲ್ಲಿ, ಎರಡೇ ವರ್ಷಕ್ಕೆ, ಒಬ್ಬ ಸೆನೆಟರನನ್ನು ಕದಲಿಸಲು ಆಗಲಿಲ್ಲ. ಆ 98 ರೂಸ್‌ವೆಲ್ಟರ ಜೇಬಿನ ಹಣವಾಗಿರಲಿಲ್ಲ. ಹೊಲ, ಗಿರಣಿಗಳ ಒಡೆಯರು ಬೀಗ ಹಾಕಿಟ್ಟುಕೊಂಡ ಠೇವಣಿಯಾಗಿತ್ತು.

ಜಾನ್‌ಸ್ಟನ್ ಗೆದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತೆಂದು ತಿಳಿಯಬೇಡಿ. ಆತ ಮತ್ತೆ ರಾಜ್ಯಪಾಲನಾದ. 1944ರಲ್ಲಿ, ಬಿಳಿಯರದೇ ಪೂರ್ವಚುನಾವಣೆ ಕೂಡದೆಂದು ಟೆಕ್ಸಾಸಿನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೂಡಲೇ ವಿಶೇಷ ಅಧಿವೇಶನ ಕರೆದು, ಪೂರ್ವಚುನಾವಣೆಗೆ ಸಂಬಂಧಿಸಿದ ನೂರಕ್ಕೂ ಹೆಚ್ಚು ಕಾಯಿದೆಗಳನ್ನು ಅಳಿಸಿ ಹಾಕಿ, ಪಕ್ಷವೆಂಬುದು ಖಾಸಗಿ ಕೂಟ, ಯಾರನ್ನು ಸೇರಿಸಿದರೂ ಬಿಟ್ಟರೂ ಅದರ ಇಷ್ಟ ಎಂಬ ನೆಪ ಕಲ್ಪಿಸಿದವನು ಈ ಗಿರಣಿಯ ಮಗನೇ. ನಮ್ಮವನು ಎಂದು ಹೆಗಲ ಮೇಲೆ ಹೊತ್ತವರು ಇದನ್ನೂ ಹೊತ್ತರು.

ಆ ನೆಪವನ್ನು ಮುರಿದವನು ಮಾತ್ರ ಒಬ್ಬ ಅಂಗಡಿಯವನು. ವರ್ತಕ ಬಂಧುಗಳು ಈತನ ಹೆಸರು ತಿಳಿದಿರಬೇಕು: ಜಾರ್ಜ್ ಎಲ್ಮೋರ್. ಕೊಲಂಬಿಯಾ ನಗರದಲ್ಲಿ ಚಿಲ್ಲರೆ ಸಾಮಾನಿನ ಅಂಗಡಿ ನಡೆಸುತ್ತಿದ್ದ ಕಪ್ಪು ಮನುಷ್ಯ. ಟ್ಯಾಕ್ಸಿ ಓಡಿಸುವುದು, ಫೋಟೋ ತೆಗೆಯುವುದು ಉಪ ಕಸುಬು. 1946ರ ಆಗಸ್ಟಿನಲ್ಲಿ ಪೂರ್ವಚುನಾವಣೆಗೆ ಮತ ಹಾಕಲು ಹೋದ, ಹಾಕಗೊಡಲಿಲ್ಲ. ಕೋರ್ಟಿಗೆ ಹೋದ. 1947ರ ಜುಲೈಯಲ್ಲಿ ನ್ಯಾಯಾಧೀಶ ವೇಟೀಸ್ ವೇರಿಂಗ್ ಆತನ ಪರ ತೀರ್ಪು ಕೊಟ್ಟರು. ವೇರಿಂಗರು ಅದೇ ರಾಜ್ಯದ ಹಳೆಯ ಬಿಳಿಯ ಮನೆತನದವರು. ತೀರ್ಪಿನ ಮೇಲೆ ಎಲ್ಮೋರನಿಗೆ ಸಗಟು ವ್ಯಾಪಾರಿಗಳು ಮಾಲು ಕೊಡುವುದನ್ನು ನಿಲ್ಲಿಸಿದರು. ಸಾಲ ಕೊಟ್ಟವರು ಒಮ್ಮೆಗೇ ವಸೂಲಿಗೆ ನಿಂತರು. ಅಂಗಡಿ ಹೋಯಿತು. ಮಾಲು ನಿಂತರೆ ಕಿರುಕುಳ ವ್ಯಾಪಾರಿ ಎಷ್ಟು ದಿನ ತಾಳುತ್ತಾನೆಂಬುದು ನಮಗಿಂತ ತಮಗೇ ಗೊತ್ತು. 1948ರ ಪೂರ್ವಚುನಾವಣೆಯಲ್ಲಿ ಸಾವಿರಾರು ಕಪ್ಪು ಜನ ಸಾಲು ನಿಂತು ಮತ ಹಾಕಿದರು.

ಅದೇ 1948ರ ನವೆಂಬರಿನಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಟ್ರೂಮನ್ ಕಪ್ಪು ಜನರ ಹಕ್ಕಿನ ಮಾತೆತ್ತಿದ್ದರೆಂಬ ಕಾರಣಕ್ಕೆ, ರಾಜ್ಯಪಾಲ ಸ್ಟ್ರಾಮ್ ಥರ್ಮಂಡ್ ಬೇರೆ ಪಕ್ಷ ಕಟ್ಟಿ ತಾನೇ ಅಧ್ಯಕ್ಷ ಪದವಿಗೆ ನಿಂತ. ದಕ್ಷಿಣ ಕೆರೊಲಿನಾದಲ್ಲಿ ಆತನಿಗೆ ನೂರಕ್ಕೆ ಸುಮಾರು 72, ಟ್ರೂಮನ್ನರಿಗೆ 24. ಹನ್ನೆರಡು ವರ್ಷದ ಹಿಂದಿನ 98 ಎಲ್ಲಿ ಹೋಯಿತು? ಠೇವಣಿ ಇಟ್ಟವರು ಬೇರೆ ಬ್ಯಾಂಕಿಗೆ ಸಾಗಿಸಿದರು, ಅಷ್ಟೆ. ಸರಕಾರವೇ ಅಚ್ಚು ಹಾಕಿಸಿದ ಗುಪ್ತ ಮತಪತ್ರ ಆ ರಾಜ್ಯಕ್ಕೆ ಬಂದದ್ದು 1950ರಲ್ಲಿ! ಅಲ್ಲಿಯವರೆಗೆ ಪಕ್ಷಗಳದೇ ಚೀಟಿ; ಯಾವುದಕ್ಕೆ ಕೈ ಚಾಚಿದೆ ಎಂದು ನಿಂತವರೆಲ್ಲ ನೋಡಬಹುದಿತ್ತು. 1965ರ ಮತದಾನ ಹಕ್ಕಿನ ಕಾಯಿದೆಯಿಂದ ಅಕ್ಷರದ ಬೇಲಿ ಬಿತ್ತು. 1980ರಿಂದ 2024ರವರೆಗೆ ಅಧ್ಯಕ್ಷರ ಎಲ್ಲ ಚುನಾವಣೆಗಳಲ್ಲೂ ಆ ರಾಜ್ಯ ರಿಪಬ್ಲಿಕನ್ನರದಾಯಿತು. ಅದರ ವಿಚಾರ ಬೇರೆಯೇ ಇದೆ. ಇನ್ನೊಂದು ಕೂಟಕ್ಕೆ ಬಿಡೋಣ.

ಪ್ರಶ್ನೆ ಕೇಳಿದ ಸಂಗಾತಿ ಇಲ್ಲೇ ಕುಳಿತಿದ್ದಾರೆ. ಅವರ ಅಭಿಪ್ರಾಯ ಮೊದಲು ಕೇಳೋಣ, ಆಮೇಲೆ ಉಳಿದವರು. ರಾತ್ರಿ ಪಾಳಿಯವರಿಗೆ ಇನ್ನು ಅರ್ಧ ಗಂಟೆಯಷ್ಟೇ ಸಮಯವಿದೆ.