ನಮ್ಮ ಕಣದಲ್ಲೇ ಜಗತ್ತು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



 

ಬ್ರಹ್ಮಾಂಡದಲ್ಲಿ ಇರೋದೆಲ್ಲ ಪಿಂಡಾಂಡದಲ್ಲೂ ಇದೆ ಅಂತ ಹಿರಿಯರು ಹೇಳುತ್ತಿದ್ದರು. ಅದು ವೇದಾಂತಿಗಳ ಮಾತು, ನಮಗೇಕೆ ಅನ್ನಬೇಡಿ. ಅತ್ತಿಗುಂಡಿಯ ಯಾವುದೇ ಕಾಫಿ ಕಣದಲ್ಲಿ ನಿಂತು ನೋಡಿದರೆ ಸಾಕು.

ಬಾಬಾಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜ ತಂದು ನಮ್ಮ ಈ ಗಿರಿಯಲ್ಲಿ ನೆಟ್ಟರೆಂದು ಪ್ರತೀತಿ. ಅಂದೇ ಹೊರಜಗತ್ತು ನಮ್ಮ ಹಿತ್ತಲಿಗೆ ಬಂತು. 1975ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟವು, ಜಗತ್ತಿನಲ್ಲಿ ಕಾಫಿ ದರ ಏರಿತು. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಪದ್ಧತಿ ಮುರಿದು ದರ ಕುಸಿಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಹಿಮ, ಮತ್ತೆ ಏರಿಕೆ. 2000ದ ಆಚೀಚೆ ವಿಯೆಟ್ನಾಂ ಬೆಳೆ ಹೆಚ್ಚಿ ದರ ನೆಲ ಕಚ್ಚಿತು. ಮೊದಲು ಕಾಫಿ ಮಂಡಳಿಯ ಪೂಲ್ ನಡುವೆ ಇತ್ತು. 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾದ ಮೇಲೆ ಪೆಟ್ಟು ನೇರ ನಮ್ಮ ಅಂಗಳಕ್ಕೇ ಬೀಳುತ್ತೆ. ಅಲ್ಲಿ ಹಿಮ ಬಿದ್ದರೆ ಇಲ್ಲಿ ಮದುವೆ ನಿಶ್ಚಯ. ಅಲ್ಲಿ ಬೆಳೆ ಹೆಚ್ಚಿದರೆ ಇಲ್ಲಿ ಒಡವೆ ಅಡವು!

ದೊಡ್ಡವರ ಲೆಕ್ಕಾಚಾರದಲ್ಲಿ ಸಣ್ಣವರು ಸಾಯುತ್ತಾರೆ ಅಂತ ನಾವು ದೂರುತ್ತೇವೆ. ಆದರೆ ಸಂಘದೊಳಗೆ ನಾವು ಮಾಡಿದ್ದೇನು? ದರ ಏರಿದ ವರ್ಷ ಜೀಪು ಕೊಂಡೆವು, ಕಂತು ಮರೆತೆವು. ಇಳಿದ ವರ್ಷ ಸಾಲ ಮನ್ನಾ ಆಗುತ್ತೆ ಅಂತ ಕಾದು ಕೂತೆವು. ಆ ವರ್ಷ ಅರ್ಧ ಎಕರೆಯವರು ಗೊಬ್ಬರದ ಸಾಲಕ್ಕೆ ಬಂದು ಬರಿಗೈಲಿ ಹಿಂದಿರುಗಿದರು. ದೊಡ್ಡ ದೇಶಗಳು ನಮಗೆ ಮಾಡಿದ್ದನ್ನೇ ನಾವು ಪಕ್ಕದ ಮನೆಯವರಿಗೆ ಮಾಡಿದೆವು. ಈ ಮಾತು ಹೇಳಲು ನಮಗೂ ನಾಚಿಕೆಯೇ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಂದು ಹಳ್ಳಿಯ ಕೆಲಸ ನಾಡಿಗೆಲ್ಲ ಮಾದರಿಯಾಯಿತು. ಇಂದು ಹಳ್ಳಿಯ ಸಂಘ, ಅದರ ಮೇಲೆ ಜಿಲ್ಲಾ ಬ್ಯಾಂಕು, ಅದರ ಮೇಲೆ ಅಪೆಕ್ಸ್ ಬ್ಯಾಂಕು. ಕೆಳಗಿನ ಕಲ್ಲು ಅಲುಗಿದರೆ ಮೇಲಿನ ಗೋಡೆ ನಿಲ್ಲದು.

ಬ್ರೆಜಿಲ್‌ನ ಹಿಮ ನಮ್ಮ ಕೈಲಿಲ್ಲ, ಹೂಮಳೆಯೂ ನಮ್ಮ ಕೈಲಿಲ್ಲ. ಕಂತು ಕಟ್ಟುವುದು ಮಾತ್ರ ನಮ್ಮ ಕೈಲಿದೆ. ಜಗತ್ತು ಹೇಗಿರಬೇಕೆಂದು ಬಯಸುತ್ತೇವೋ, ಮೊದಲು ಸಂಘವನ್ನು ಹಾಗಿಡೋಣ. ಮುಂದಿನ 25 ವರ್ಷ ಬರಿಗೈಲಿ ಯಾರೂ ಈ ಬಾಗಿಲಿಂದ ಹಿಂದೆ ಹೋಗದಿರಲಿ.